ಹಳೆ ಪಿಕಪ್‌ನ ಹೀಟರ್‌ಗೆ ಬಿಸಿ ವಾಪಸ್ ಬಂದದ್ದು

ಮಲೆನಾಡಿನಲ್ಲಿ ಗಾಡಿಯ ಹೀಟರ್ ಚಳಿಗಿಂತ ಜಾಸ್ತಿ ಮಳೆಗೆ ಬೇಕು. ಇದು ನನಗೆ ಸರಿಯಾಗಿ ಗೊತ್ತಾದದ್ದು ಹೋದ ಆಷಾಢದಲ್ಲಿ, ಅಪ್ಪಯ್ಯನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವಾಗ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಬಿಟ್ಟಾಗ ಬೆಳಗ್ಗೆ ಆರು ಗಂಟೆ. ಆಗುಂಬೆ ತನಕ ಹೇಗೋ ಬಂದೆವು. ಘಾಟಿ ಇಳಿಯಲು ಶುರು ಮಾಡಿದ್ದೇ ತಡ, ಎದುರಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಹೊರಗೆ ವೈಪರ್ ಜೋರಾಗಿ ಓಡುತ್ತಿದೆ. ಒಳಗೆ ಅಪ್ಪಯ್ಯ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಡೆಯ ಗಾಜು ಒರೆಸುತ್ತಿದ್ದಾರೆ. ಒರೆಸಿದ ಜಾಗ ಎರಡು ಉಸಿರು ಬಿಡುವಷ್ಟರಲ್ಲಿ ಮತ್ತೆ ಬೆಳ್ಳಗಾಗುತ್ತಿತ್ತು. "ನಿಧಾನ ಹೋಗು ಮಾರಾಯ" ಅಂದರು. 14 ಹೇರ್‌ಪಿನ್ ತಿರುವು. ಒಂದು ತಿರುವಿನಲ್ಲಿ ಎದುರಿಗೆ ಮಿನಿ ಬಸ್ ಬಂದದ್ದು ನನಗೆ ಹಾರ್ನ್ ಕೇಳಿಯೇ ಗೊತ್ತಾದದ್ದು. ಆ ದಿನದ ಹೆದರಿಕೆ ಇನ್ನೂ ಹೋಗಿಲ್ಲ.

ನಮ್ಮದು 2009ರ ಮಾಡೆಲ್ ಡೀಸೆಲ್ ಪಿಕಪ್. ಏಸಿ ಇಲ್ಲ, ಹೀಟರ್ ಮಾತ್ರ. ಅಡಿಕೆ, ಗೊಬ್ಬರ, ಹುಲ್ಲು ಎಲ್ಲಾ ಅದರಲ್ಲೇ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಮೂರಕ್ಕೆ ಹಾಕಿದರೂ ಬರುವ ಗಾಳಿ ಉಗುರು ಬೆಚ್ಚಗೂ ಇರುತ್ತಿರಲಿಲ್ಲ. ತೋರಿಸಿದ ಒಂದು ಕಡೆ "ಹಳೆ ಗಾಡಿ ಅಲ್ವಾ, ಇಷ್ಟೇ ಬರೋದು" ಅಂದರು. ಇನ್ನೊಂದು ಕಡೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೀಟರ್ ಕಾಯಿಲ್ ಬದಲಿಸಬೇಕು ಅಂದರು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ನಾನೇ ಒಮ್ಮೆ ನೋಡೋಣ ಅನ್ನಿಸಿತು.

ಹೀಟರ್‌ಗೆ ಬೇರೆ ಒಲೆ ಏನೂ ಇಲ್ಲ. ಇಂಜಿನ್ ಕಾಯಿಸಿದ ನೀರೇ ಎರಡು ಹೋಸ್ ಪೈಪಿನಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಹೋಗಿ ವಾಪಸ್ ಬರುತ್ತದೆ. ಆ ಪುಟ್ಟ ರೇಡಿಯೇಟರ್‌ಗೇ ಮೆಕ್ಯಾನಿಕ್‌ಗಳು ಹೀಟರ್ ಕಾಯಿಲ್ ಅನ್ನುವುದು. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ. ಹಾಗಾಗಿ ಬಿಸಿ ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಅಂತ ಕೈಯಿಂದ ಮುಟ್ಟಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದೆ. ಬಿಸಿ ಇರುವಾಗ ತೆಗೆಯಲೇಬಾರದು. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ನೀರು ಎರಡು ಬೆರಳಷ್ಟು ಕೆಳಗಿತ್ತು. ಬಣ್ಣ ಕೆಮ್ಮಣ್ಣಿನ ಹೊಂಡದ ನೀರಿನ ಹಾಗೆ. ಕಾರಣ ನನಗೆ ಗೊತ್ತಿತ್ತು. ಎಷ್ಟೋ ವರ್ಷದಿಂದ ಕೂಲೆಂಟ್ (ಇಂಜಿನ್ ತಣಿಸುವ, ತುಕ್ಕು ತಡೆಯುವ ದ್ರವ) ಬದಲು ಕೈಗೆ ಸಿಕ್ಕ ನೀರು ಹಾಕಿದ್ದೇವೆ. ಬರೀ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆ ತುಕ್ಕು ಹೋಗಿ ಸಣ್ಣ ದಾರಿಯಲ್ಲಿ ಕೂರುತ್ತದೆ. ಹೀಟರ್ ಕಾಯಿಲ್‌ನ ದಾರಿ ತುಂಬಾ ಸಣ್ಣದು.

ನೀರು ತುಂಬಿ ಸ್ಟಾರ್ಟ್ ಮಾಡಿದೆ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರ ಇಟ್ಟುಕೊಂಡು ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟುತ್ತಾ ನಿಂತೆ. ಸರಿ ಇರುವ ಗಾಡಿಯಲ್ಲಿ ಈ ಹೋಸ್ ಮೊದಲ ಕೆಲವು ನಿಮಿಷ ತಣ್ಣಗೇ ಇರಬೇಕು. ಇಂಜಿನ್ ಕಾದ ಮೇಲೆ, ರೇಡಿಯೇಟರ್‌ಗೆ ನೀರು ಬಿಡುವ ಪುಟ್ಟ ಬಾಗಿಲಾದ ಥರ್ಮೋಸ್ಟಾಟ್ ತೆರೆದಾಗ ಒಮ್ಮೆಲೇ ಬಿಸಿಯಾಗಬೇಕು. ನಮ್ಮದರಲ್ಲಿ ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂತು. ಟೆಂಪರೇಚರ್ ಮೀಟರ್ ಮುಳ್ಳು ಕಾಲು ಭಾಗ ದಾಟಲಿಲ್ಲ. ಇಂಜಿನ್ ತಣ್ಣಗಾದ ಮೇಲೆ ಥರ್ಮೋಸ್ಟಾಟ್ ಕೂರುವ ಜಾಗದ ಎರಡು ಬೋಲ್ಟ್ ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ, ಖಾಲಿ!

ಆಗ ನೆನಪಾಯಿತು. ಐದಾರು ವರ್ಷದ ಹಿಂದೆ ಒಮ್ಮೆ ಗಾಡಿ ಹೀಟ್ ಆಗಿತ್ತು. ಆಗ ರಿಪೇರಿ ಮಾಡಿದವರು ಕಿತ್ತಿಟ್ಟಿರಬೇಕು. "ನಮ್ಮ ಕಡೆಗೆ ಅದು ಬೇಡ" ಅನ್ನುವ ಮಾತು ತುಂಬಾ ಕಡೆ ಕೇಳಿದ್ದೇನೆ. ನಾನು ಇದನ್ನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಸದಾ ರೇಡಿಯೇಟರ್ ಸುತ್ತಿಯೇ ಬರುತ್ತದೆ, ಆಗುಂಬೆಯ ಥಂಡಿಯಲ್ಲಿ ಇಂಜಿನ್ ಕಾಯುವುದೇ ಇಲ್ಲ. ತಣ್ಣಗೆ ಓಡುವ ಇಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಗಾಡಿ ಹೀಟ್ ಆದರೆ ಅದರ ಕಾರಣ ಹುಡುಕಬೇಕು, ಥರ್ಮೋಸ್ಟಾಟ್ ಕಿತ್ತು ಬಿಸಾಡುವುದಲ್ಲ.

ಶಿವಮೊಗ್ಗಕ್ಕೆ ಅಡಿಕೆ ಒಯ್ದ ದಿನ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಹೊಸದೊಂದು ತಂದೆ, ಜೊತೆಗೆ ಗ್ಯಾಸ್ಕೆಟ್. ಅದರ ಮೇಲೆ 82 ಅಂತ ಒತ್ತಿದ್ದರು. ಅಂದರೆ 82 ಡಿಗ್ರಿಗೆ ತೆರೆಯಲು ಶುರು. ಹಾಗೇ ಹಾಕಲು ಮನಸ್ಸು ಬರಲಿಲ್ಲ. ಅಡುಗೆಗೆ ಬೇಡದ ಒಂದು ಹಳೆ ಪಾತ್ರೆಯಲ್ಲಿ ನೀರಿಟ್ಟು, ತಳ ಮುಟ್ಟದ ಹಾಗೆ ದಾರದಲ್ಲಿ ಇಳಿಬಿಟ್ಟೆ. ಆಲೆಮನೆಗೆ ಅಂತ ತಂದಿದ್ದ ಥರ್ಮಾಮೀಟರ್ ಪಕ್ಕದಲ್ಲಿ. 80 ದಾಟುವ ತನಕ ಅಲುಗಲಿಲ್ಲ. ಆಮೇಲೆ ನಡುವಿನ ತಟ್ಟೆ ಕೂದಲೆಳೆಯಷ್ಟು ಎದ್ದಿತು, 95ರ ಹತ್ತಿರ ಪೂರ್ತಿ ಬಾಯಿ ಬಿಟ್ಟಿತು. ಹೊರಗೆ ತೆಗೆದಿಟ್ಟರೆ ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನ ಮೇಣ ಕರಗಿ ಹಿಗ್ಗುವುದು, ಗಟ್ಟಿಯಾಗಿ ಕುಗ್ಗುವುದು, ಅಷ್ಟರಲ್ಲೇ ಈ ಕೆಲಸ ನಡೆಯುತ್ತದೆ. ಮಗಳಿಗೆ ತೋರಿಸಲು ಎರಡನೇ ಸಲವೂ ಕಾಯಿಸಿದೆ.

ಹಾಕಿದ ಮೇಲೆ ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಗಾಳಿ ಸ್ವಲ್ಪ ಬೆಚ್ಚಗಾಯಿತು, ಆದರೆ ಸಾಲದು.

ಈಗ ಕಾಯಿಲ್‌ಗೆ ಹೋಗುವ ಎರಡು ಹೋಸ್‌ಗಳನ್ನು ಮುಟ್ಟಿದೆ. ಎರಡೂ ಕೈ ಇಡಲಾಗದಷ್ಟು ಬಿಸಿ ಇದ್ದು ಗಾಳಿ ಮಾತ್ರ ತಣ್ಣಗಿದ್ದರೆ, ತೊಂದರೆ ಒಳಗೆ ಗಾಳಿಯ ದಾರಿ ತಿರುಗಿಸುವ ಫ್ಲ್ಯಾಪ್‌ನಲ್ಲಿ ಇರಬಹುದು. ಇಂಜಿನ್ ಕಾದಿದ್ದೂ ಎರಡೂ ತಣ್ಣಗಿದ್ದರೆ ನೀರು ಆ ಕಡೆ ಹೋಗುತ್ತಲೇ ಇಲ್ಲ. ನಮ್ಮದರಲ್ಲಿ ಒಂದು ಸುಡುತ್ತಿತ್ತು, ವಾಪಸ್ ಬರುವುದು ಉಗುರು ಬೆಚ್ಚಗಿತ್ತು. ಅಂದರೆ ಕಾಯಿಲ್ ಕಟ್ಟಿಕೊಂಡಿದೆ.

ಮಾರನೇ ದಿನ ತಣ್ಣಗಿರುವಾಗ ಎರಡೂ ಹೋಸ್ ಬಿಚ್ಚಿದೆ. ಹಳೆ ಕ್ಲಿಪ್ ಬಿಚ್ಚುವಾಗ ಹೋಸ್ ಜಗ್ಗಬೇಡಿ, ಕಾಯಿಲ್‌ನ ಪೈಪ್ ಬಗ್ಗಿದರೆ ಕಥೆ ಮುಗಿಯಿತು. ತೊಳೆಯಲು ನಮ್ಮ ಅಂಗಳಕ್ಕೆ ಬರುವ ಅಬ್ಬಿ ನೀರೇ ಸಾಕಾಯಿತು. ಗುಡ್ಡದಿಂದ ತಾನಾಗಿ ಇಳಿದು ಬರುವ ನೀರು, ಒತ್ತಡ ಹದವಾಗಿರುತ್ತದೆ. ಸರ್ವಿಸ್ ಸ್ಟೇಷನ್‌ನ ಜೋರು ಪಂಪ್ ಹಿಡಿದರೆ ಹಳೆ ಕಾಯಿಲ್ ಒಡೆಯಬಹುದು. ನೀರು ವಾಪಸ್ ಬರುವ ಬದಿಯಿಂದ, ಅಂದರೆ ಉಲ್ಟಾ ಬಿಟ್ಟೆ. ಮೊದಲು ಸಣ್ಣಗೆ ಒಸರಿತು. ಆಮೇಲೆ ಕಾಫಿ ಗಸಿಯ ಹಾಗೆ ಕಪ್ಪು ಕೆಂಪು ಚೂರುಗಳು ಬಂದವು. ನಾಲ್ಕೈದು ಸಲ ದಿಕ್ಕು ಬದಲಿಸಿದೆ. ಅರ್ಧ ಗಂಟೆ ಆದ ಮೇಲೆ ತಿಳಿನೀರು ಧಾರೆಯಾಗಿ ಬಂತು. ಕಾಯಿಲ್ ಬದಲಿಸುವ ಮಾತೇ ಬರಲಿಲ್ಲ. ಕ್ಯಾಬಿನ್ ಒಳಗೆ ಸಿಹಿ ವಾಸನೆ ಬಂದು, ಗಾಜಿಗೆ ಜಿಡ್ಡು ಜಿಡ್ಡು ಮಂಜು ಹಿಡಿದು, ಕಾಲಡಿಯ ಮ್ಯಾಟ್ ಒದ್ದೆ ಆಗುತ್ತಿದ್ದರೆ ಮಾತ್ರ ಕಾಯಿಲ್ ಸೋರುತ್ತಿದೆ ಅಂತ ಅರ್ಥ. ಅದಕ್ಕೆ ತೊಳೆದು ಉಪಯೋಗ ಇಲ್ಲ.

ಇಂಜಿನ್, ರೇಡಿಯೇಟರ್ ಕೂಡ ತೊಳೆದು, ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿದೆ. ಇಲ್ಲಿ ಒಂದು ವಿಷಯ ದಯವಿಟ್ಟು ನೆನಪಿಡಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಕರು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ನಮ್ಮ ಅಂಗಳದ ಪಕ್ಕವೇ ಕೊಟ್ಟಿಗೆ. ಅದಕ್ಕೇ ಗಾಡಿಯ ಅಡಿಗೆ ಅಗಲದ ಬಾಂಡ್ಲಿ ಇಟ್ಟು, ಚೆಲ್ಲಿದ್ದನ್ನು ಒಂದು ಹನಿ ಬಿಡದೆ ಹಿಡಿದು, ಮುಚ್ಚಳದ ಕ್ಯಾನಿಗೆ ತುಂಬಿ ಎತ್ತಿಟ್ಟೆ.

ತುಂಬಿ ಓಡಿಸಿದರೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಬಿಸಿ ಬಂದು ಬಂದು ಹೋಗುತ್ತಿದೆ. ಅಬ್ಬಿ ನೀರಿನ ಪೈಪ್ ಇರುವ ಮನೆಯವರಿಗೆ ಇದು ಹೊಸದಲ್ಲ. ಪೈಪಿನಲ್ಲಿ ಎತ್ತರದ ಜಾಗದಲ್ಲಿ ಗಾಳಿ ಕಟ್ಟಿಕೊಂಡರೆ ನೀರು ಮುಂದೆ ಹೋಗುವುದಿಲ್ಲ, ಅಲ್ವಾ? ಇಲ್ಲೂ ಅದೇ. ಇಂಜಿನ್ ತಣ್ಣಗಾದ ಮೇಲೆ ಗಾಡಿಯ ಮುಖ ಮೇಲಾಗಿ ಇರುವ ಹಾಗೆ ದಿಬ್ಬದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಆಗ ರೇಡಿಯೇಟರ್ ಮುಚ್ಚಳದ ಬಾಯಿಯೇ ಎತ್ತರದ ಜಾಗ. ಮುಚ್ಚಳ ತೆಗೆದಿಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಸ್ಟಾರ್ಟ್ ಮಾಡಿ ಬಿಟ್ಟೆ. ಗುಳ್ಳೆ ಬಂದ ಹಾಗೆಲ್ಲಾ ಕೂಲೆಂಟ್ ಸೇರಿಸುತ್ತಾ ಹೋದೆ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆ ಗಬಕ್ಕನೆ ಇಳಿಯಿತು. ತುಂಬಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿದೆ.

ಕೊನೆಗೆ ಉಳಿದದ್ದು ಚಿಕ್ಕ ಕೆಲಸ. ಕಾಯಿಲ್‌ಗೆ ಬಿಸಿನೀರು ಬಿಡುವ ಹೀಟರ್ ವಾಲ್ವ್‌ನ ಕೇಬಲ್ ಕ್ಲಿಪ್‌ನಿಂದ ಜಾರಿ, ವಾಲ್ವ್ ಪೂರ್ತಿ ತೆರೆಯುತ್ತಿರಲಿಲ್ಲ. ಸರಿ ಮಾಡಿದೆ. ಗಾಳಿ ಒಳಬರುವ ಜಾಲರಿಯಲ್ಲಿ ಕೂತಿದ್ದ ಕೊಳೆತ ಎಲೆಗಳನ್ನೂ ತೆಗೆದೆ.

ಶ್ರಾವಣದಲ್ಲಿ ಮತ್ತೆ ಮಣಿಪಾಲಕ್ಕೆ ಹೋದೆವು. ಮಳೆ ಹಾಗೇ ಇತ್ತು. ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಹಾಗೆ ಇಟ್ಟಿದ್ದೆ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಮ್ಮ ಉಸಿರಿನ, ನೆನೆದ ಬಟ್ಟೆಯ ತೇವ ಒಳಗೇ ಉಳಿಯುತ್ತದೆ. ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂತು. ಅಪ್ಪಯ್ಯ ಸೋಮೇಶ್ವರದ ತನಕ ಟವೆಲ್ ಹೊದ್ದು ನಿದ್ದೆ ಮಾಡಿದರು.

ಮೊನ್ನೆ ಪಕ್ಕದ ಮನೆಯವರು ಅವರ ಜೀಪ್ ತಂದು ನಿಲ್ಲಿಸಿದ್ದರು, ಅದರಲ್ಲೂ ಬಿಸಿ ಬರುವುದಿಲ್ಲವಂತೆ. ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮುಟ್ಟಿದೆ. ಮೊದಲ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ನಾಳೆ ಬಿಚ್ಚಿ ನೋಡಬೇಕು.