ಫೋಟೋ ಡೇಟಾಬೇಸಿನಲ್ಲೇ ಇಟ್ಟೆ, ಏನೂ ಮುಳುಗಲಿಲ್ಲ

ಮುಂಬೈ ಉಪನಗರದ ಕನ್ನಡಿಗರ ಸಂಘವೊಂದಕ್ಕೆ ವಧು-ವರ ನೋಂದಣಿಯ ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಎರಡು ಸಾವಿರ ಚಿಲ್ಲರೆ ಫೋಟೋ ಇವೆ. ಎಲ್ಲವೂ ಮೈಎಸ್‌ಕ್ಯುಎಲ್ ಡೇಟಾಬೇಸಿನ ಒಳಗೇ ಬೈನರಿಯಾಗಿ, ಅಂದರೆ ಕಚ್ಚಾ ಬೈಟ್‌ಗಳಾಗಿ, ಕೂತಿವೆ. ಪುಣೆಯ ಐಟಿ ಪ್ರದೇಶ ಹಿಂಜೆವಾಡಿಯಲ್ಲಿರುವ ಗೆಳೆಯ ಕೇಳಿ ನಕ್ಕಿದ್ದ. "ಡೇಟಾಬೇಸಲ್ಲಿ ಫೋಟೋ ಯಾರು ಇಡ್ತಾರೆ ಮಾರಾಯ? ಆರು ತಿಂಗಳಲ್ಲಿ ಮಲಗುತ್ತೆ ನೋಡು." ಈಗ ಎರಡನೇ ವರ್ಷ. ಮಲಗಿಲ್ಲ.

ಹಳೆಯ ಸೈಟಿನಲ್ಲಿ ಫೋಟೋಗಳು ಫೋಲ್ಡರಿನಲ್ಲಿದ್ದವು. ಹೆಸರು ಒಂದು, ಎರಡು, ಮೂರು ಅಂತ ಸಾಲಾಗಿ. ವಿಳಾಸದಲ್ಲಿ ನಂಬರ್ ಬದಲಿಸಿದರೆ ಸಾಕು, ಲಾಗಿನ್ ಇಲ್ಲದೆಯೂ ಯಾರ ಮಗಳ ಫೋಟೋ ಬೇಕಾದರೂ ನೋಡಬಹುದಿತ್ತು. ಯಾರೋ ಒಬ್ಬರ ಫೋಟೋ ಗೂಗಲ್ ಹುಡುಕಾಟದಲ್ಲಿ ಬಂತು. ಕಮಿಟಿ ಮೀಟಿಂಗಿನಲ್ಲಿ ದೊಡ್ಡ ಗಲಾಟೆಯಾಯಿತು. ಅದಾದ ಮೇಲೆಯೇ ಕೆಲಸ ನನ್ನ ಹತ್ತಿರ ಬಂದಿದ್ದು. ನಾನು ಅರವತ್ತು ಸಾವಿರ ಕೇಳಿದೆ. ಚೌಕಾಸಿ ಆಗಿ ಮೂವತ್ತೈದಕ್ಕೆ ನಿಂತಿತು. ಬೇರೆಯವರು ಕ್ಲೌಡ್ ಸ್ಟೋರೇಜ್, ತಿಂಗಳಿಗೆ ಎರಡು ಸಾವಿರ ಅಂತ ಹೇಳಿದ್ದರಂತೆ. ಸಂಘದ ಹೋಸ್ಟಿಂಗ್ ಖರ್ಚೇ ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು. ಅದರೊಳಗೇ ಮುಗಿಸಬೇಕಿತ್ತು.

ಮೊದಲು ಬೇಸ್64 ದಾರಿ ಹಿಡಿದೆ. ಫೋಟೋವನ್ನು ಅಕ್ಷರಗಳಾಗಿಸಿ ನೇರ ಪುಟದೊಳಗೇ ತುರುಕುವುದು. ಸೇಫ್ ಏನೋ ಸೇಫೇ, ಫೋಟೋಗೆ ಬೇರೆ ವಿಳಾಸವೇ ಇರಲ್ಲ. ಆದರೆ ಮೂರು ಬೈಟ್ ನಾಲ್ಕಾಗುತ್ತೆ. ಒಂದು ಪುಟಕ್ಕೆ ಮೂವತ್ತು ಮುಖ, ಒಂದೊಂದು 80 ಕೆಬಿ ಅಂದರೂ ಪುಟ 3 ಎಂಬಿ ದಾಟಿತು. ಬ್ರೌಸರ್ ಫೋಟೋಗಳನ್ನು ಬೇರೆಯಾಗಿ ಕ್ಯಾಶ್ ಮಾಡುವಂತೆಯೂ (ಮುಂದಿನ ಸಲಕ್ಕೆ ಎತ್ತಿಟ್ಟುಕೊಳ್ಳುವಂತೆಯೂ) ಇಲ್ಲ. ಲೋಕಲ್ ಟ್ರೈನಲ್ಲಿ ಕೂತು ನೋಡುವವರಿಗೆ ಠಾಣೆಯಲ್ಲಿ ಒತ್ತಿದರೆ ಮುಂದಿನ ಸ್ಟೇಷನ್ ಮುಲುಂಡ್ ದಾಟಿದ ಮೇಲೆ ಮುಖ ಕಾಣುತ್ತಿತ್ತು. ಬಿಟ್ಟೆ.

ಆಮೇಲೆ ಸರ್ವರಿನಲ್ಲಿ ಓಡುವ ಒಂದೇ ಪಿಎಚ್‌ಪಿ ಸ್ಕ್ರಿಪ್ಟ್ ಬರೆದೆ. ಸೆಷನ್ (ಸರ್ವರ್ ಇಟ್ಟುಕೊಳ್ಳುವ ಲಾಗಿನ್ ಗುರುತು) ನೋಡುತ್ತೆ, ಸದಸ್ಯರಾ ಅಂತ ಕೇಳುತ್ತೆ, ಹೌದಾದರೆ ಬೈಟ್‌ಗಳನ್ನು ಕಳಿಸುತ್ತೆ. ಹೇಳಲು ಇಷ್ಟೇ. ಮೊದಲ ದಿನ ಒಂದು ಫೋಟೋವೂ ಬರಲಿಲ್ಲ. ಬೈಟ್‌ಗಳನ್ನು ಹೆಕ್ಸ್‌ನಲ್ಲಿ (16ರ ಅಂಕಿಪದ್ಧತಿಯಲ್ಲಿ) ತೆರೆದು ನೋಡಿದರೆ ಜೆಪೆಗ್‌ನ ಆರಂಭದ ಗುರುತಾದ ಎಫ್‌ಎಫ್ ಡಿ8 ಶುರುವಾಗುವ ಮೊದಲೇ ಇಎಫ್ ಬಿಬಿ ಬಿಎಫ್ ಕೂತಿತ್ತು. ಸ್ಕ್ರಿಪ್ಟಿನೊಳಗೆ ಸೇರಿಸಿಕೊಳ್ಳುವ ಯಾವುದೋ ಇನ್‌ಕ್ಲೂಡ್ ಫೈಲು ಬಿಒಎಂ ಸಮೇತ, ಅಂದರೆ ಪಠ್ಯದ ಎನ್‌ಕೋಡಿಂಗ್ ಹೇಳುವ ಆ ಬೈಟ್‌ಗಳ ಸಮೇತ, ಸೇವ್ ಆಗಿತ್ತು. ಮೂರೇ ಮೂರು ಬೈಟ್, ಅರ್ಧ ರಾತ್ರಿ ಹೋಯಿತು.

ಮುಂದಿನದು ತಮಾಷೆಯದು. ಫೋಟೋ ಇಡುವ ಕಾಲಂ ಆಗ ಬರೀ ಬ್ಲಾಬ್ (ಬೈನರಿ ಡೇಟಾ ಇಡುವ ಬಗೆ) ಇತ್ತು. ಅದರ ಮಿತಿ 65,535 ಬೈಟ್. ಮಿತಿ ಮೀರಿದರೆ ತಡೆಯುವ ಸ್ಟ್ರಿಕ್ಟ್ ಮೋಡ್ ಹೋಸ್ಟಿಂಗಿನಲ್ಲಿ ಆಫ್. ಹಾಗಾಗಿ ಎರರ್ ಕೊಡದೆ ಸುಮ್ನೆ ಕತ್ತರಿಸಿ ಇಟ್ಟುಕೊಂಡಿತು. ಕಾರ್ಯದರ್ಶಿ ಶೆಟ್ರು ಫೋನ್ ಮಾಡಿದರು. "ಇದೆಂಥದ್ದು, ಹುಡುಗನಿಗೆ ಗಲ್ಲವೇ ಇಲ್ಲ?" ನೋಡಿದರೆ ಮೂಗಿನ ಕೆಳಗೆಲ್ಲ ಬೂದು ಬಣ್ಣ. ಕಾಲಂ ಅನ್ನು ಹೆಚ್ಚು ಹಿಡಿಸುವ ಮೀಡಿಯಂಬ್ಲಾಬ್ ಮಾಡಿ ಎಲ್ಲ ಫೋಟೋ ಮತ್ತೆ ಹಾಕಿಸಿದೆವು.

ಇನ್ನೂ ಒಂದು ಕಾಟ ಇತ್ತು. ಫೋಟೋಗಳು ಒಂದಾದ ಮೇಲೊಂದು, ಸಾಲಲ್ಲಿ ನಿಂತು ಬರುತ್ತಿದ್ದವು. ಗೆಳೆಯ "ನಾನು ಹೇಳಲಿಲ್ವಾ, ಡೇಟಾಬೇಸ್ ನಿಧಾನ" ಅಂದ. ಡೇಟಾಬೇಸಿನದು ಏನೂ ತಪ್ಪಿರಲಿಲ್ಲ. ಪಿಎಚ್‌ಪಿ ಸೆಷನ್ ಫೈಲಿಗೆ ಬೀಗ ಹಾಕುತ್ತೆ. ಒಂದು ಫೋಟೋ ಮುಗಿಯುವ ತನಕ ಇನ್ನೊಂದು ಕಾಯಲೇಬೇಕು. ಸದಸ್ಯರು ಹೌದು ಅಂತ ಗೊತ್ತಾದ ಕೂಡಲೇ ಆ ಬೀಗ ಬಿಡುವ ಸೆಷನ್ ರೈಟ್ ಕ್ಲೋಸ್ ಕರೆದೆ. ಒಂದೇ ಸಾಲು. ಮೂವತ್ತು ಮುಖ ದಬಕ್ಕಂತ ಬಂದವು. ಆ ಸಾಲಿನ ಬಗ್ಗೆ ಹಿಂಜೆವಾಡಿಯವನಿಗೆ ಗೊತ್ತಿರಲಿಲ್ಲ ಅಂತ ಬರೆಯಲು ಸ್ವಲ್ಪ ಖುಷಿಯಾಗುತ್ತೆ.

ಈಗ ಒಳಗೆ ಬರುವ ಫೋಟೋದ ವಿಷಯ. ಬ್ರೌಸರ್ 'ಇದು ಜೆಪೆಗ್' ಅಂತ ಹೇಳುವುದನ್ನು ನಾನು ನಂಬಲ್ಲ. ಮೊದಲ ಬೈಟ್‌ಗಳನ್ನು ನೋಡಿ ನಂಬುವುದೂ ಸಾಲದು. ಮುಂದೆ ಸರಿಯಾದ ಜಿಐಎಫ್, ಹಿಂದೆ ಸ್ಕ್ರಿಪ್ಟ್ ಇರುವ ಫೈಲನ್ನು ನಾನೇ ಮಾಡಿ ಹಾಕಿ ನೋಡಿದೆ, ಸಲೀಸಾಗಿ ಒಳಗೆ ಬಂತು. ಅದಕ್ಕೇ ಪ್ರತಿ ಫೋಟೋವನ್ನೂ ಪಿಎಚ್‌ಪಿಯ ಚಿತ್ರ ಲೈಬ್ರರಿ ಜಿಡಿಯಲ್ಲಿ ಬಿಚ್ಚಿ, ಉದ್ದದ ಬದಿ 800 ಪಿಕ್ಸೆಲ್‌ಗೆ ಇಳಿಸಿ, ಹೊಸ ಜೆಪೆಗ್ ಮಾಡುತ್ತೇನೆ. ಕಬ್ಬಿನ ಗಾಣದ ಹಾಗೆ, ರಸ ಬೇಕು, ಸಿಪ್ಪೆ ಅಲ್ಲೇ ಬೀಳಲಿ. ಫೋನಿನ 4-5 ಎಂಬಿ ಫೋಟೋ 80 ಕೆಬಿಗೆ ಇಳಿಯುತ್ತೆ. ಫೋಟೋ ಜೊತೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ಅಡಗಿರುವ ಮನೆಯ ಜಿಪಿಎಸ್ ಕೂಡ ಹೋಗುತ್ತೆ. ಹುಡುಗಿಯರ ಮನೆಯವರಿಗೆ ಇದನ್ನು ವಿವರಿಸಿದ ಮೇಲೆಯೇ ನನ್ನ ಮೇಲೆ ನಂಬಿಕೆ ಬಂದಿದ್ದು.

ಆದರೆ ಎಕ್ಸಿಫ್ ಜೊತೆ ಫೋಟೋ ಯಾವ ಕಡೆ ತಿರುಗಿದೆ ಅನ್ನುವ ಓರಿಯೆಂಟೇಶನ್ನೂ ಹೋಗುತ್ತೆ. ಅರ್ಧ ವರರು ಅಡ್ಡ ಮಲಗಿಬಿಟ್ಟರು. ಬಿಚ್ಚುವ ಮೊದಲೇ ಅದನ್ನು ಓದಿಟ್ಟುಕೊಂಡು ತಿರುಗಿಸಬೇಕು. ಅದರ ನಂಬರ್ 6 ಇದ್ದರೆ ಜಿಡಿಯ ಇಮೇಜ್‌ರೊಟೇಟ್‌ಗೆ ಮೈನಸ್ 90 ಕೊಡಿ. ಆ ಫಂಕ್ಷನ್ ಗಡಿಯಾರಕ್ಕೆ ಉಲ್ಟಾ ತಿರುಗಿಸುತ್ತೆ, ಅದಕ್ಕೇ ಮೈನಸ್.

ಕುತೂಹಲಕ್ಕೆ ಇನ್ನೊಂದು ಪ್ರಯೋಗ ಮಾಡಿದೆ. ಬರೀ ಬಿಳಿ ಬಣ್ಣದ, 10,000 ಅಡ್ಡ 10,000 ಉದ್ದದ ಪಿಎನ್‌ಜಿ. ಫೈಲು 300 ಕೆಬಿಯೋ ಏನೋ. ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಲೆಕ್ಕದಲ್ಲಿ ಬಿಚ್ಚಿದರೆ 400 ಎಂಬಿ. ಸ್ಕ್ರಿಪ್ಟಿಗೆ ಸಿಗುವ ಮೆಮೊರಿಯ ಮಿತಿ 128 ಎಂಬಿ. ಸ್ಕ್ರಿಪ್ಟ್ ಅಲ್ಲೇ ಸತ್ತಿತು. ಈಗ ಬಿಚ್ಚುವ ಮೊದಲೇ ಅಳತೆ ಕೇಳುತ್ತೇನೆ, ಜಾಸ್ತಿ ಇದ್ದರೆ ವಾಪಸ್. ಒಳಗೆ ಸ್ಕ್ರಿಪ್ಟ್ ಇರಬಹುದಾದ ಎಸ್‌ವಿಜಿ ಚಿತ್ರಗಳಿಗೆ ಪ್ರವೇಶವೇ ಇಲ್ಲ. ಇಮೇಜ್ ಟ್ಯಾಗಿನೊಳಗೆ ಅದರ ಸ್ಕ್ರಿಪ್ಟ್ ಓಡಲ್ಲ ನಿಜ, ಆದರೆ ಅದೇ ಲಿಂಕನ್ನು ನೇರವಾಗಿ ತೆರೆದರೆ ಓಡುತ್ತೆ.

ಕಳಿಸುವಾಗ ಕಂಟೆಂಟ್ ಟೈಪ್ (ಫೈಲಿನ ಬಗೆ) ಯಾವಾಗಲೂ ಜೆಪೆಗ್ ಅಂತ ನಾನೇ ಬರೆಯುತ್ತೇನೆ, ಅಪ್‌ಲೋಡ್ ಮಾಡಿದವರ ಮಾತು ಕೇಳಲ್ಲ. ಜೊತೆಗೆ ಮೂರು ಸೂಚನೆ: ನೋಸ್ನಿಫ್ (ಫೈಲಿನ ಬಗೆಯನ್ನು ಬ್ರೌಸರ್ ತಾನೇ ಊಹಿಸಬಾರದು), ಸಿಎಸ್‌ಪಿ ಸ್ಯಾಂಡ್‌ಬಾಕ್ಸ್ (ಒಳಗಿನ ಸ್ಕ್ರಿಪ್ಟ್ ಓಡಿಸಬಾರದು), ಕ್ಯಾಶ್ ಪ್ರೈವೇಟ್ (ನೋಡುವವರ ಬ್ರೌಸರ್ ಬಿಟ್ಟು ನಡುವೆ ಎಲ್ಲೂ ಎತ್ತಿಡಬಾರದು). ವಿಳಾಸದಲ್ಲಿ ಸಾಲು ನಂಬರ್ ಬದಲು ಊಹಿಸಲಾಗದ 16 ಬೈಟಿನ ರ್‍ಯಾಂಡಮ್.

ಜೆಪೆಗ್ ಬದಲು ವೆಬ್‌ಪಿ ಫಾರ್ಮ್ಯಾಟನ್ನೂ ಹಾಕಿ ನೋಡಿದೆ. ಕಾಲು ಭಾಗದಷ್ಟು ಜಾಗ ಉಳಿಯುತ್ತಿತ್ತು. ಆದರೆ ಬಯೋಡೇಟಾ ಪ್ರಿಂಟಿಗೆ ಡೊಂಬಿವಲಿ ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದ ಅಪ್ಪಂದಿರು "ಫೈಲೇ ಓಪನ್ ಆಗ್ತಿಲ್ಲ" ಅಂತ ನನಗೆ ಫೋನ್ ಮಾಡಿದರು. ಜೆಪೆಗ್‌ಗೇ ವಾಪಸ್ ಬಂದೆ.

ಸ್ಕ್ರೀನ್‌ಶಾಟ್ ತಡೆಯಲು ಆಗಲ್ಲ. ಆದರೆ ಫೋಟೋ ಯಾರ ಲಾಗಿನ್‌ನಿಂದ ಹೊರಗೆ ಹೋಯಿತು ಅಂತ ಪತ್ತೆ ಮಾಡುವ ಗುರುತನ್ನು ಪಿಕ್ಸೆಲ್‌ನಲ್ಲೇ ಇಡುತ್ತೇನೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅದರಲ್ಲೇ ನನ್ನ ಅನ್ನ ಇದೆ.

ಫೋಟೋ ಎಲ್ಲ ಸೇರಿ 160 ಎಂಬಿ ಇರಬೇಕು. ಬ್ಯಾಕಪ್ ಹೆಕ್ಸ್-ಬ್ಲಾಬ್‌ನಲ್ಲಿ (ಒಂದು ಬೈಟಿಗೆ ಎರಡು ಅಕ್ಷರ) ತೆಗೆಯುವುದರಿಂದ ದುಪ್ಪಟ್ಟಾಗುತ್ತೆ, ಜಿಪ್ ಮಾಡಿದರೆ ಹತ್ತಿರ ಹತ್ತಿರ ಮೊದಲಿನಷ್ಟೇ. ಒಂದೇ ಫೈಲು. ಮದುವೆ ನಿಶ್ಚಯವಾಯಿತು ಅಂತ ಸದಸ್ಯರ ಸಾಲು ಅಳಿಸಿದರೆ ಫೋಟೋ ತಾನಾಗಿಯೇ ಹೋಗುತ್ತೆ. ಫೋಲ್ಡರಿನಲ್ಲಿ ಅನಾಥವಾಗಿ ಉಳಿಯಲ್ಲ. ನನಗೆ ಮುಖ್ಯವಾಗಿದ್ದು ಇದೇ. ಲಕ್ಷಗಟ್ಟಲೆ ಫೋಟೋ ಇದ್ದರೆ ನಾನೂ ಬೇರೆ ದಾರಿ ನೋಡುತ್ತಿದ್ದೆ.

ಐಫೋನಿನ ಹೀಕ್ (ಎಚ್‌ಇಐಸಿ) ಫಾರ್ಮ್ಯಾಟಿನ ಫೋಟೋಗಳು ಮಾತ್ರ ನಮ್ಮ ಜಿಡಿಗೆ ತಿಳಿಯಲ್ಲ. ಸದ್ಯಕ್ಕೆ "ಜೆಪೆಗ್ ಮಾಡಿ ಕಳಿಸಿ" ಅಂತ ಸಂದೇಶ ತೋರಿಸುತ್ತಿದ್ದೇನೆ. ನನ್ನ ಮೂವತ್ತೈದರಲ್ಲಿ ಬಾಕಿ ಇದ್ದ ಹತ್ತು ಸಾವಿರ ಗಣೇಶನ ಹಬ್ಬ ಕಳೆದ ಮೇಲೆ ಬಂತು. ಪುಣೆಯ ಇನ್ನೊಂದು ಸಂಘದವರು ಇದೇ ಬೇಕು ಅಂತ ಕೇಳಿದ್ದಾರೆ. ಐವತ್ತಕ್ಕೆ ಕಡಿಮೆ ಮಾಡಲ್ಲ ಅಂದಿದ್ದೇನೆ.