ಮಾತ್ರೆ ಸ್ಟ್ರಿಪ್ಪಿಗೆ ಕತ್ತರಿ: ಅಮ್ಮ, ದೊಡ್ಡಮ್ಮನ ಜೊತೆ ವಿಯೆಟ್ನಾಂ

ಔಷಧಿ, ದುಡ್ಡು, ಕಾಗದಪತ್ರ. ಈ ಮೂರರಲ್ಲಿ ಯಾವುದೂ ಪೂರ್ತಿಯಾಗಿ ಒಂದೇ ಬ್ಯಾಗಿನಲ್ಲಿ ಇರಬಾರದು. ನನ್ನ ವಿಧಾನ ಇಷ್ಟೇ. ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಪ್ಯಾಕೇಜ್ ಇಲ್ಲದೆ ವಿಯೆಟ್ನಾಂಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಮೂರು ತುಂಡು ಮಾಡುತ್ತಿದ್ದುದನ್ನು ನೋಡಿ ಭಾವ, "ಇದೇನು, ಪ್ರಸಾದ ಹಂಚ್ತಿದ್ದೀಯಾ?" ಅಂದರು.

ಹನೋಯ್‌ನಲ್ಲಿ ಇಳಿದಾಗ ದೊಡ್ಡಮ್ಮನ ಸೂಟ್‌ಕೇಸ್ ಬರಲಿಲ್ಲ. ಮಧ್ಯೆ ವಿಮಾನ ಬದಲಿಸುವ ಟಿಕೆಟ್ ಅದು. ಹೀಗೂ ಆಗಬಹುದು ಅಂತ ಲೆಕ್ಕ ಹಾಕಿಯೇ ಇದ್ದೆ. ಅದರಲ್ಲಿ ಇದ್ದದ್ದು ಸೀರೆಗಳು, ಅವಲಕ್ಕಿ, ಮಾತ್ರೆಯ ಮೂರನೇ ಪಾಲು. ಉಳಿದ ಎರಡು ಪಾಲು ನನ್ನ ಬೆನ್ನಿನ ಚೀಲದಲ್ಲಿ, ಅಮ್ಮನ ಕೈಚೀಲದಲ್ಲಿ. ಬ್ಯಾಗೇಜ್ ಹಾಲ್ ಬಿಟ್ಟು ಹೊರಗೆ ಬರುವ ಮೊದಲೇ ದೂರು ಬರೆಸಿ ಅದರ ನಂಬರ್ ತೆಗೆದುಕೊಂಡೆ. ಸೂಟ್‌ಕೇಸ್ ಎರಡು ದಿನದ ಮೇಲೆ ಹೋಟೆಲಿಗೆ ಬಂತು. ತಡವಾದ ಬ್ಯಾಗಿಗೆ, ಅದು ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ ವಿಮಾನ ಕಂಪನಿಗೆ ಬರವಣಿಗೆಯಲ್ಲಿ ಕೇಳಬೇಕು. ಬಟ್ಟೆ ಕೊಂಡ ಬಿಲ್ ಇಟ್ಟುಕೊಂಡಿದ್ದೆ. ತುಂಬಾ ಓಲೆ ಬರೆದ ಮೇಲೆ ನಾಲ್ಕು ಸಾವಿರ ಚಿಲ್ಲರೆ ವಾಪಸ್ ಬಂತು.

ಇನ್ಸುಲಿನ್ ಮಾತ್ರ ಬೇರೆ ಲೆಕ್ಕ. ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗೇ ಇಲ್ಲ, ವಿಮಾನದ ಕೆಳಗೆ ಸಾಮಾನು ಇಡುವ ಜಾಗದ ಚಳಿಗೆ ಹೆಪ್ಪುಗಟ್ಟಿದರೆ ಎಸೆಯಬೇಕು. ಹಾಗಾಗಿ ಎರಡೇ ಪಾಲು, ಎರಡೂ ಕ್ಯಾಬಿನ್‌ನಲ್ಲಿ. ಬಳಸುತ್ತಿರುವ ಇನ್ಸುಲಿನ್ ಪೆನ್ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಾಳುತ್ತದೆ (ನಿಮ್ಮದಕ್ಕೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿಕೊಳ್ಳಿ). ತಂಪು ಬೇಕಾದದ್ದು ತೆರೆಯದ ಪೆನ್ನುಗಳಿಗೆ. ಇದಕ್ಕೆ ನೀರಲ್ಲಿ ನೆನೆಸುವ ಚೀಲ ತಂದಿದ್ದೆ, ಸಾವಿರದ ಐನೂರರ ಆಸುಪಾಸು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷೆ ಮಾಡಿದಾಗ ಸೊಗಸಾಗಿ ಕೆಲಸ ಮಾಡಿತ್ತು. ಆದರೆ ಮಾರ್ಚ್‌ನ ಹನೋಯ್‌ನಲ್ಲಿ ಗೋಡೆಯೇ ಬೆವರುತ್ತದೆ. ನೀರು ಆರಿದರೆ ತಾನೇ ಚೀಲ ತಣ್ಣಗಾಗುವುದು? ದುಡ್ಡು ದಂಡ. ರೂಮಿನ ಫ್ರಿಜ್ ನಂಬಿದರೆ ಇನ್ನೊಂದು ತಾಪತ್ರಯ. ಬಾಗಿಲಿನ ಕಾರ್ಡ್ ತೆಗೆದ ಕೂಡಲೇ ಕರೆಂಟ್ ಹೋಗುತ್ತದೆ, ಸಂಜೆ ಬಂದು ನೋಡಿದರೆ ಒಳಗೆಲ್ಲ ಬೆಚ್ಚಗೆ. ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಹೋಟೆಲಿನವರಿಗೆ ಇಷ್ಟವಾಗುವಂಥದ್ದಲ್ಲ, ಇಲ್ಲಿ ಬರೆಯುವುದಿಲ್ಲ. ದಾರಿಯಲ್ಲಿ ಇರುವಾಗ ದೊಡ್ಡ ಬಾಯಿಯ ಸ್ಟೀಲ್ ಫ್ಲಾಸ್ಕ್, ಅದರಲ್ಲಿ ಒಂದಿಷ್ಟು ತಣ್ಣೀರು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪೆನ್. ಐಸ್ ಹಾಕಲೇ ಇಲ್ಲ. ಕೊನೆಗೆ ಗೆದ್ದದ್ದು ಈ ಫ್ಲಾಸ್ಕೇ.

ಈಗ ದುಡ್ಡಿನ ವಿಷಯ. ಡಾಲರ್ ತುಂಬಿದ ಫಾರೆಕ್ಸ್ ಕಾರ್ಡನ್ನು ಡಾಂಗ್ ನಡೆಯುವ ದೇಶದಲ್ಲಿ ಉಜ್ಜಿದರೆ ಕರೆನ್ಸಿ ಬದಲಿಸಿದ್ದಕ್ಕೆ ಮತ್ತೆ ಕಟ್. ಮಾಮೂಲಿ ಕ್ರೆಡಿಟ್ ಕಾರ್ಡಾದರೆ ಮೂರೂವರೆ ಪರ್ಸೆಂಟ್ ಹತ್ತಿರ, ಮೇಲೆ ಜಿಎಸ್‌ಟಿ. ನಾನು ಈ ಮಾರ್ಕಪ್ (ಕರೆನ್ಸಿ ಬದಲಿಸುವ ಶುಲ್ಕ) ಇಲ್ಲದ ಎರಡು ಕಾರ್ಡ್ ಮಾಡಿಸಿದೆ, ಬೇರೆ ಬೇರೆ ಬ್ಯಾಂಕಿನವು. ಹೋಯಿ ಆನ್ ಊರಿನ ಎಟಿಎಂನಲ್ಲಿ ಒಂದು ಬ್ಯಾಂಕು ಅನುಮಾನಪಟ್ಟು ಕಾರ್ಡನ್ನೇ ನಿಲ್ಲಿಸಿಬಿಟ್ಟಿತು. ಎರಡನೆಯದು ದೊಡ್ಡಮ್ಮನ ಹತ್ತಿರ ಇತ್ತು, ಬಚಾವ್. ಮಷೀನು ರೂಪಾಯಿಯಲ್ಲಿ ಲೆಕ್ಕ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ, ಡಾಂಗ್ ಒತ್ತಿ. ನಮ್ಮ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್ ಆನ್, ಅದರ ಡೇಟಾ ಆಫ್. ಒಟಿಪಿ ಬರದಿದ್ದರೆ ಕಾರ್ಡ್ ಇದ್ದೂ ಇಲ್ಲದ ಹಾಗೆ.

ನಗದು ಸುಮಾರು ಆರುನೂರು ಡಾಲರ್. ಎಲ್ಲ ಗರಿಗರಿ ನೋಟು, ಮಡಿಕೆ ಬಿದ್ದದ್ದನ್ನು ಅಲ್ಲಿ ವಾಪಸ್ ತಳ್ಳುತ್ತಾರೆ. ಇದಕ್ಕೂ ಮೂರು ಕಟ್ಟು. ಎರಡು ಎಲ್ಲಿದ್ದವು ಅಂತ ನೀವೇ ಊಹಿಸಬಹುದು. ಮೂರನೆಯದರ ಜಾಗ ಭಾವನಿಗೂ ಹೇಳಿಲ್ಲ. ಇನ್ನೊಂದು, 20,000 ಡಾಂಗ್ ನೋಟೂ ನೀಲಿ, 5,00,000ದ್ದೂ ನೀಲಿ. ಮೊದಲನೆಯದು ನಮ್ಮ ಅರವತ್ತೈದು ಎಪ್ಪತ್ತು ರೂಪಾಯಿ, ಎರಡನೆಯದು ಸಾವಿರದ ಆರುನೂರರ ಮೇಲೆ. ದೊಡ್ಡ ನೋಟಿಗೆ ಬೇರೆ ಪರ್ಸ್ ಇಟ್ಟೆ.

ವೀಸಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ಕಾರಿ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅದೇ ರೂಪದ ಖಾಸಗಿ ಸೈಟೊಂದು ಮೂರು ಪಟ್ಟು ಕೇಳಿತು. ದೊಡ್ಡಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ನಮ್ಮ ಕಡೆ ಅರ್ಧ ಜನಕ್ಕೆ ಹೀಗೇ ಅಲ್ವಾ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗಿನ ಎರಡು ಸಾಲಿನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿ, ಟಿಕೆಟ್ಟೂ ಅದರಂತೆಯೇ ಮಾಡಿಸಿದೆ. ಯಾರೂ ತಡೆಯಲಿಲ್ಲ.

ಸ್ಕೂಟರ್ ಬಾಡಿಗೆ ನೂರಾರು ಕಡೆ ಕೊಡುತ್ತಾರೆ, ಲೈಸೆನ್ಸ್ ಕೇಳುವುದೂ ಇಲ್ಲ. ಆದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ರಸ್ತೆ ಸಂಚಾರದ 1949ರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದು. ಬಿದ್ದರೆ ಇನ್ಶೂರೆನ್ಸಿನವರು ಲೈಸೆನ್ಸ್ ಇಲ್ಲ ಅಂತ ಕೈ ತೊಳೆದುಕೊಳ್ಳಬಹುದು. ಆಸೆ ಬಿಟ್ಟು, ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಕಾರು ಹತ್ತಿದೆವು. ಹೋ ಚಿ ಮಿನ್ ಸಿಟಿಯಲ್ಲಿ ಆ ಕಾರು ಬರುವವರೆಗೂ ಫೋನನ್ನು ರಸ್ತೆ ಕಡೆಯ ಕೈಯಲ್ಲಿ ಹಿಡಿಯಬೇಡಿ, ಬೈಕಿನವರು ಕಿತ್ತುಕೊಂಡು ಹೋಗುತ್ತಾರೆ.

ಊಟಕ್ಕೆ "ಚಾಯ್" (Chay) ಅಂತ ಬೋರ್ಡ್ ಇರುವ ಸಸ್ಯಾಹಾರಿ ಹೋಟೆಲುಗಳು. ಬೇರೆ ಕಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳಬಹುದು. ಅವರ ಚಾಂದ್ರಮಾನದ ತಿಂಗಳ ಒಂದನೇ, ಹದಿನೈದನೇ ದಿನ ತುಂಬಾ ಜನ ಸಸ್ಯಾಹಾರ ಮಾಡುತ್ತಾರೆ, ಆ ದಿನಗಳಲ್ಲಿ ಹುಡುಕಾಟ ಕಡಿಮೆ.

ಮೊಸರಿನ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಅಲ್ಲಿ ಸಿಗುವ ಮೊಸರು ಸಾಮಾನ್ಯವಾಗಿ ಸಿಹಿ, ಪ್ಯಾಕೆಟ್ ಹಾಲೂ ಅಷ್ಟೇ. ಸಕ್ಕರೆ ಇಲ್ಲದ ಹಾಲು ಹುಡುಕಿ, ಕೆಟಲಿನ ಬಿಸಿ ನೀರಿನಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಟವೆಲ್ ಸುತ್ತಿದೆ. ಮೊದಲ ರಾತ್ರಿ ಬರೀ ಲೋಳೆ. ಎರಡನೇ ರಾತ್ರಿ ಅದನ್ನೇ ಹೆಪ್ಪು ಹಾಕಿದೆ, ಗಟ್ಟಿಯಾಯಿತು. ಅಮ್ಮನ ಮೊಸರನ್ನಕ್ಕೆ ಆಮೇಲೆ ತೊಂದರೆಯೇ ಆಗಲಿಲ್ಲ.

ಮೂವರಿಗೆ ಎಲ್ಲ ಸೇರಿ ಎರಡೂ ಮುಕ್ಕಾಲು ಲಕ್ಷದ ಹತ್ತಿರ ಆಯಿತು. ಪ್ಯಾಕೇಜಿನವರು ಕೇಳಿದ್ದು ನಾಲ್ಕರ ಮೇಲೆ, ಅದರಲ್ಲೂ ಇನ್ಶೂರೆನ್ಸ್ ಬೇರೆ. ವಯಸ್ಸು ಎಪ್ಪತ್ತು ದಾಟಿದ್ದರಿಂದ, ಸಕ್ಕರೆ ಕಾಯಿಲೆಯನ್ನೂ ಬರೆದು ಕೊಟ್ಟಿದ್ದರಿಂದ ನಮ್ಮ ಇನ್ಶೂರೆನ್ಸ್ ಸ್ವಲ್ಪ ದುಬಾರಿಯೇ ಆಯಿತು. ಅಲ್ಲಿ ಮಾತ್ರ ನಾನು ಜುಗ್ಗತನ ಮಾಡಲಿಲ್ಲ.