ಹಾಳೆ ಎಮ್ಮೆ ಎರಡು ಮಳೆಗಾಲ ದಾಟಿತು

ಅಡಿಕೆ ಹಾಳೆಯಲ್ಲಿ ತಟ್ಟೆ ಮಾಡಬಹುದು, ಟೊಪ್ಪಿ ಮಾಡಬಹುದು, ಶಿಲ್ಪ ಎಲ್ಲಿಂದ ಮಾಡ್ತೀಯ ಅಂದವರೇ ಜಾಸ್ತಿ. ಸಾಗರದ ನಮ್ಮ ಮನೆ ಜಗಲಿಯಲ್ಲಿ 5 ಅಡಿ ಉದ್ದದ ಹಾಳೆ ಎಮ್ಮೆ ಎರಡು ಮಳೆಗಾಲ ಕಂಡು ಆರಾಮಾಗಿ ಮಲಗಿದೆ, ಬಂದು ನೋಡಿ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಸಗಣಿ, ಕುಂಕುಮದಲ್ಲೇ ದೊಡ್ಡ ದೊಡ್ಡ ಕೃತಿ ಮಾಡಿದರು, ಹಾಳೆಗೇನು ಕಡಿಮೆ ಅಂತ ನನಗೂ ಹಟ.

ಮೊದಲ ಎಮ್ಮೆ ಪೂರ್ತಿ ಹಾಳು. ಕಬ್ಬಿಣದ ಸರಳಿನ ಚೌಕಟ್ಟಿಗೆ ಹಸಿ ಹಾಳೆ ಸುತ್ತಿ ಸ್ಕ್ರೂ ಹೊಡೆದಿದ್ದೆ. ಒಣಗುತ್ತಾ ಮುದುರಿತು, ಸ್ಕ್ರೂ ಇದ್ದಲ್ಲೆಲ್ಲ ನಾರಿನುದ್ದಕ್ಕೂ ಸೀಳಿತು. ಎರಡನೆಯದಕ್ಕೆ ಅಂಗಡಿ ಅಂಟು ಬಳಿದೆ. ಜುಲೈಯಲ್ಲಿ ಬೂಷ್ಟು, ದೀಪಾವಳಿಗೆ ಕೊರೆಯುವ ಕುಟ್ಟೆ ಹುಳ. ಹಾಳೆಗೆ ಒಂದಕ್ಕೆ 2-3 ರೂಪಾಯಿ ಅಷ್ಟೇ, ಆದರೆ ವೆಲ್ಡಿಂಗು, ಕೂಲಿ ಎಲ್ಲ ಸೇರಿ 18-20 ಸಾವಿರ ಹೋಯಿತು. ಒಂದು ರೆಸಾರ್ಟಿನವರು ಕೊಟ್ಟ 10 ಸಾವಿರ ಅಡ್ವಾನ್ಸ್ ವಾಪಸ್ ಕೇಳಿದರು. ಅದು ಆಗಲೇ ವೆಲ್ಡರ್ ಜೇಬು ಸೇರಿತ್ತು!

ಮೂರನೆಯದಕ್ಕೆ ಸರಳು ಬಿಟ್ಟು ಬಿದಿರಿನ ದಬ್ಬೆ ಕಟ್ಟಿದೆ. ಹಾಳೆ ಎಳೆದರೆ ಅದೂ ಸ್ವಲ್ಪ ಬಗ್ಗುತ್ತದೆ. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಪ್ಲೈವುಡ್ ಥರ. ದಬ್ಬಳದಲ್ಲಿ ಗೋಣಿ ದಾರ ಹಾಕಿ ಓರೆಯಾಗಿ ಹೊಲಿಗೆ, ನಾರಿನ ಜೊತೆ ನೇರ ಹೊಲಿದರೆ ಹರಿಯುತ್ತದೆ. ಅಂಟು ಹುಣಸೆ ಬೀಜದ್ದು, ಕೊಪ್ಪಳದ ಕಡೆ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಬಳಸುವಂಥದ್ದೇ. ಅದಕ್ಕೆ ನಾನು ಇನ್ನೊಂದು ಪುಡಿ ಸೇರಿಸುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಬೂಷ್ಟಿಗೆ ಮೊದಲು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹಾಕಿ ನೋಡಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುತ್ತೇವಲ್ಲ, ಹಾಳೆಗೂ ಆಗಬಹುದು ಅಂತ. ಎಮ್ಮೆಗೆ ಪಾಚಿ ಕಟ್ಟಿದ ಹಾಗೆ ಕಂಡಿತು, ಅಂಟೂ ಕೂರಲಿಲ್ಲ. ಆಗ ಅತ್ತಿಗೆ, "ಬಟ್ಟೆಗೆ ಹತ್ತಿದ ಚೊಗರೇ ಹೋಗಲ್ಲ ಮಾರಾಯಾ, ಅದನ್ನೇ ಹಾಕು" ಅಂದರು. ಅಡಿಕೆ ಬೇಯಿಸಿ ಉಳಿದ ಒಗರು ನೀರೇ ಚೊಗರು, ಅದರಲ್ಲಿ ಹಾಳೆಯನ್ನು 3 ದಿನ ಮುಳುಗಿಸಿಟ್ಟೆ. ಕೆಂಪು ಬಣ್ಣ ಬಂತು, ಆಮೇಲೆ ಬೂಷ್ಟಿಲ್ಲ, ಕುಟ್ಟೆಯೂ ಇಲ್ಲ. ಒಂದು ಬಕೆಟ್ಟಿನಲ್ಲಿ ತುಕ್ಕು ಹಿಡಿದ ಮೊಳೆ ಬಿದ್ದಿತ್ತು, ಅದರ ಹಾಳೆ ಮಾತ್ರ ಕಪ್ಪಗಾಗಿತ್ತು. ಎಮ್ಮೆಗೆ ಬೇಕಾದ ಬಣ್ಣ ಪುಕ್ಕಟೆ! ಮೊದಲ ಎಮ್ಮೆಯ ಕಬ್ಬಿಣದ ಸರಳು ಈಗ ಚೊಗರಿನ ಡ್ರಮ್ಮಿನಲ್ಲಿ ಅದೇ ಕಪ್ಪು ಬಣ್ಣ ಬರಿಸುವ ಕೆಲಸ ಮಾಡುತ್ತಿದೆ.

ಈ ಮೂರನೆಯ ಎಮ್ಮೆಗೆ ಖರ್ಚಾದದ್ದು ಸುಮಾರು 9 ಸಾವಿರ, ನನ್ನ ಕೂಲಿ ಬಿಟ್ಟು. ಅದೇ ರೆಸಾರ್ಟಿನವರು ಮತ್ತೆ ಬಂದಿದ್ದರು, 45 ಸಾವಿರ ಅಂದೆ, ಯೋಚಿಸುತ್ತಿದ್ದಾರೆ. ಅಷ್ಟರಲ್ಲಿ ಕರು ಶುರು ಮಾಡಿದ್ದೇನೆ. ಮೈ ಸರಿ ಬಂದಿದೆ, ಕಿವಿ ಮಾತ್ರ ಇನ್ನೂ ಮುದುರುತ್ತಿದೆ.